ಕಾರು, ಮನೆ ಇನ್ಶೂರೆನ್ಸ್: ಏಜೆಂಟ್, ಬ್ರೋಕರ್, ಶೋರೂಮ್, ಬ್ಯಾಂಕ್, ಆ್ಯಪ್ – ಯಾರ ಹತ್ತಿರ ಮಾಡಿಸೋದು?

ಕಾರಿನ ಪಾಲಿಸಿ ಮುಗಿಯಲು ಇನ್ನೂ ಒಂದು ತಿಂಗಳಿದೆ ಅನ್ನುವಾಗಲೇ ಫೋನ್ ಶುರುವಾಗುತ್ತದೆ. ಶೋರೂಮಿನವರು ಒಂದು ರೇಟ್ ಹೇಳುತ್ತಾರೆ, ಬ್ಯಾಂಕಿನವರು ಇನ್ನೊಂದು. ಆ್ಯಪ್ ತೆರೆದರೆ ಮೂರನೆಯದು. ಅಪ್ಪನ ಕಾಲದಿಂದ ಎಲ್‌ಐಸಿ ಮಾಡಿಸುತ್ತಿದ್ದ ಏಜೆಂಟ್ "ಕಾರಿಂದೂ ನಾನೇ ಮಾಡಿಸಿಕೊಡ್ತೀನಿ ಸರ್" ಅನ್ನುತ್ತಾರೆ. ಇದರಲ್ಲಿ ಕಡಿಮೆ ಯಾವುದು ಅಂತ ನೋಡಿ, ದುಡ್ಡು ಕಟ್ಟಿ, ಪಿಡಿಎಫ್ ತೆರೆಯದೆ ಮರೆತುಬಿಡುವವರೇ ಜಾಸ್ತಿ.

ನನ್ನ ಮಟ್ಟಿಗೆ ರೇಟ್ ಹೋಲಿಸುವುದು ಎರಡನೇ ಕೆಲಸ. ಮೊದಲು ಹೋಲಿಸಬೇಕಾದದ್ದು ಮಾರುವವರನ್ನು. ಅವರು ಯಾರ ಪರ? ಎಷ್ಟು ಕಂಪನಿಗಳ ಪಾಲಿಸಿ ತೋರಿಸಬಲ್ಲರು? ಅವರಿಗೆ ವಿಷಯ ಗೊತ್ತಿದೆಯಾ? ಕ್ಲೇಮ್ ಬಂದ ದಿನ ಫೋನ್ ಎತ್ತುತ್ತಾರಾ? ಇಷ್ಟು ಗೊತ್ತಾದರೆ ರೇಟಿನ ಲೆಕ್ಕ ತಾನಾಗಿ ಸುಲಭವಾಗುತ್ತದೆ.

ಯಾರು ಯಾರ ಪರ

ಏಜೆಂಟ್ ಕಂಪನಿಯ ಪ್ರತಿನಿಧಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮದ ಪ್ರಕಾರ ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಯ ಪರವಾಗಿ ಕೆಲಸ ಮಾಡಬಹುದು. ಕಾರು, ಮನೆ ಎರಡೂ ಸಾಮಾನ್ಯ ವಿಮೆಯೊಳಗೆ ಬರುತ್ತವೆ. ಅಂದರೆ ಅವರ ಕೈಯಲ್ಲಿರುವುದು ಒಂದೇ ಕಂಪನಿಯ ಪಾಲಿಸಿ. ಅದು ತಪ್ಪೇನಲ್ಲ. ಆದರೆ "ಮಾರ್ಕೆಟ್‌ನಲ್ಲಿ ಇದೇ ಬೆಸ್ಟ್" ಅಂತ ಹೇಳಿದರೆ ಸುಮ್ನೆ ತಲೆಯಾಡಿಸಿ.

ನಿಮ್ಮ "ಏಜೆಂಟ್" ನಾಲ್ಕು ಕಂಪನಿಯ ಕೊಟೇಶನ್ ಕಳಿಸಿದರೆ ಅವರು ಬಹುಶಃ ಪಿಒಎಸ್‌ಪಿ (ಪಾಯಿಂಟ್ ಆಫ್ ಸೇಲ್ಸ್ ಪರ್ಸನ್). ಯಾವುದೋ ಬ್ರೋಕರ್ ಕಂಪನಿಯ ಕೆಳಗೆ, ಅವರ ಆ್ಯಪ್ ಬಳಸಿ ಪಾಲಿಸಿ ಮಾಡಿಸುವವರು. ಇವರಿಗೆ ಬೇಕಾಗಿರುವ ತರಬೇತಿ 15 ಗಂಟೆ. ಆಮೇಲೆ ಒಂದು ಪರೀಕ್ಷೆ. ಕೆಲವರು ನಿಜಕ್ಕೂ ಚೆನ್ನಾಗಿ ಕಲಿತಿರುತ್ತಾರೆ, ಕೆಲವರಿಗೆ ಗಾಡಿ ನಂಬರ್ ಹಾಕಿ ಬಟನ್ ಒತ್ತುವುದಷ್ಟೇ ಗೊತ್ತು. "ನೀವು ಯಾವ ಬ್ರೋಕರ್ ಕೆಳಗೆ ಇದ್ದೀರಿ?" ಅಂತ ಕೇಳಿಟ್ಟುಕೊಳ್ಳಿ. ನಾಳೆ ತೊಂದರೆಯಾದರೆ ಉತ್ತರ ಕೊಡಬೇಕಾದವರು ಆ ಬ್ರೋಕರ್.

ಬ್ರೋಕರ್ ಸ್ಥಾನ ಬೇರೆ. ಐಆರ್‌ಡಿಎಐನ 2018ರ ಬ್ರೋಕರ್ ನಿಯಮಗಳ ಪ್ರಕಾರ ಬ್ರೋಕರ್ ಗ್ರಾಹಕರ ಪರ. ಗ್ರಾಹಕರ ಅಗತ್ಯ ತಿಳಿದುಕೊಳ್ಳಬೇಕು, ಬೇರೆ ಬೇರೆ ಕಂಪನಿಗಳಿಂದ ರೇಟ್ ತರಿಸಬೇಕು, ಕ್ಲೇಮ್ ಬಂದಾಗ ಕಂಪನಿಯ ಜೊತೆ ಮಾತುಕತೆಗೆ ನೆರವಾಗಬೇಕು. ನೇರ ಬ್ರೋಕರ್ ಲೈಸೆನ್ಸ್‌ಗೆ ಕನಿಷ್ಠ 75 ಲಕ್ಷ ರೂಪಾಯಿ ಬಂಡವಾಳ ಬೇಕು. ಅವರ ತಪ್ಪಿನಿಂದ ಗ್ರಾಹಕರಿಗೆ ನಷ್ಟವಾದರೆ ಭರಿಸಲು ಅವರೇ ಒಂದು ವಿಮೆ ಮಾಡಿಸಿಕೊಂಡಿರಬೇಕು. ಹೊಸದಾಗಿ ಬರುವವರಿಗೆ ತರಬೇತಿ 100 ಗಂಟೆ, ಪರೀಕ್ಷೆ ನಡೆಸುವುದು ಪುಣೆಯ ನ್ಯಾಷನಲ್ ಇನ್ಶೂರೆನ್ಸ್ ಅಕಾಡೆಮಿ.

ಕಾಗದದ ಮೇಲೆ ಬ್ರೋಕರೇ ಮೇಲು. ಆದರೂ ಒಂದು ತೊಡಕಿದೆ. ಕೆಲಸ ನಮ್ಮ ಪರ, ದುಡ್ಡು ಬರುವುದು ಕಂಪನಿಯಿಂದ. ಯಾವ ಕಂಪನಿ ಜಾಸ್ತಿ ಕಮಿಷನ್ ಕೊಡುತ್ತದೋ ಅದನ್ನೇ ಮೇಲೆ ತೋರಿಸುವ ಆಸೆ ಯಾರಿಗಾದರೂ ಬರುವಂಥದ್ದೇ. ಹಿಂದೆ ಒಂದೊಂದು ಪಾಲಿಸಿಗೂ ಇಷ್ಟೇ ಕಮಿಷನ್ ಅಂತ ಮಿತಿ ಇತ್ತು. 2023ರ ಏಪ್ರಿಲ್‌ನಿಂದ ಆ ಮಿತಿ ಹೋಗಿ, ಕಂಪನಿಯ ಒಟ್ಟು ಖರ್ಚಿಗೆ ಮಾತ್ರ ಮಿತಿ ಉಳಿದಿದೆ. ಅದರೊಳಗೆ ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಕಂಪನಿಗೆ ಬಿಟ್ಟದ್ದು. ಹಾಗಾಗಿ "ಈ ಪಾಲಿಸಿಯಲ್ಲಿ ನಿಮಗೆ ಎಷ್ಟು ಬರುತ್ತೆ?" ಅನ್ನುವ ಪ್ರಶ್ನೆಗೆ ಈಗ ಬೆಲೆ ಜಾಸ್ತಿ. ಕೇಳಲು ಸಂಕೋಚ ಬೇಡ. ಗ್ರಾಹಕರು ಕೇಳಿದರೆ ಕಮಿಷನ್ ಎಷ್ಟು ಅಂತ ಹೇಳಬೇಕು ಅನ್ನುವುದು ಏಜೆಂಟ್, ಬ್ರೋಕರ್ ಇಬ್ಬರ ನೀತಿಸಂಹಿತೆಯಲ್ಲೂ ಇದೆ. ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಬ್ಯಾಂಕುಗಳು ಕಾರ್ಪೊರೇಟ್ ಏಜೆಂಟ್, ಅಂದರೆ ವ್ಯಕ್ತಿಯ ಬದಲು ಸಂಸ್ಥೆಯೇ ಏಜೆಂಟ್. 2022ರ ನಂತರ ಪ್ರತಿ ವಿಭಾಗದಲ್ಲಿ 9 ಕಂಪನಿಗಳವರೆಗೆ ಒಪ್ಪಂದ ಮಾಡಿಕೊಳ್ಳಬಹುದು. ನಿಮ್ಮ ಮುಂದೆ ಅಷ್ಟೂ ಇಡುತ್ತಾರೆ ಅಂತ ನಂಬಬೇಡಿ. ಆ ತಿಂಗಳ ಟಾರ್ಗೆಟ್ ಯಾವ ಕಂಪನಿಯದ್ದೋ ಅದು ಮೊದಲು ಬರುತ್ತದೆ. ಹೋಲಿಕೆ ಆ್ಯಪ್‌ಗಳ ವಿಷಯಕ್ಕೆ ಬಂದರೆ, ಹಲವು ಆ್ಯಪ್‌ಗಳ ಹಿಂದೆ ಇರುವುದೂ ಬ್ರೋಕರ್ ಲೈಸೆನ್ಸೇ. ಪೇಜಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ಲೈಸೆನ್ಸ್ ನಂಬರ್ ಇರುತ್ತದೆ, ನೋಡಿ. ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ ಕೊಂಡರೆ ಮಧ್ಯೆ ಯಾರೂ ಇಲ್ಲ. ಸಲಹೆ ಕೊಡುವವರೂ ಇಲ್ಲ.

ಶೋರೂಮಿನ ಚೀಟಿ ಓದುವುದು

ಹೊಸ ಕಾರು ಕೊಳ್ಳುವಾಗ ಕೈಗೆ ಬರುವ ಆನ್ ರೋಡ್ ಬೆಲೆಯ ಚೀಟಿಯಲ್ಲಿ "ಇನ್ಶೂರೆನ್ಸ್" ಅಂತ ಒಂದೇ ಸಾಲು, ಒಂದೇ ದೊಡ್ಡ ಮೊತ್ತ ಇರುತ್ತದೆ. ಅದನ್ನು ಬಿಡಿಸಿ ಕೊಡಿ ಅಂತ ಕೇಳಿ. ಆಗ ಮೂರು ಭಾಗ ಕಾಣುತ್ತದೆ.

ಮೊದಲನೆಯದು ಥರ್ಡ್ ಪಾರ್ಟಿ. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ. ಇದು 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. ಇದರ ರೇಟ್ ಸರ್ಕಾರದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಕಾರಿಗೆ 3 ವರ್ಷಕ್ಕೆ 10,640 ರೂಪಾಯಿ, ಜಿಎಸ್‌ಟಿ ಬೇರೆ. ಶೋರೂಮಿನಲ್ಲಿ ತಗೊಂಡರೂ, ಮೊಬೈಲಿನಲ್ಲಿ ತಗೊಂಡರೂ ಈ ಸಾಲು ಬದಲಾಗಲ್ಲ. "ನಮ್ಮಲ್ಲಿ ಥರ್ಡ್ ಪಾರ್ಟಿ ಕಡಿಮೆ" ಅಂತ ಯಾರಾದರೂ ಹೇಳಿದರೆ ಅಲ್ಲೇ ಎಚ್ಚರ.

ಎರಡನೆಯದು ಓನ್ ಡ್ಯಾಮೇಜ್, ನಮ್ಮ ಕಾರಿಗೆ ಆಗುವ ಹಾನಿಗೆ. ಮೂರನೆಯದು ಆ್ಯಡ್-ಆನ್‌ಗಳು, ಅಂದರೆ ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆಗಳು: ಬಂಪರ್ ಟು ಬಂಪರ್ (ಭಾಗಗಳ ಸವಕಳಿ ಕಳೆಯದೆ ಕೊಡುವುದು), ಎಂಜಿನ್ ರಕ್ಷಣೆ, ಕೀ ಕಳೆದರೆ, ಟೈರ್ ಒಡೆದರೆ, ಹೀಗೆ. ಚೌಕಾಸಿ ಮಾಡಲು ಆಗುವುದು ಈ ಎರಡರಲ್ಲಿ ಮಾತ್ರ. ಥರ್ಡ್ ಪಾರ್ಟಿ ಸಾಲನ್ನು ಪಕ್ಕಕ್ಕಿಟ್ಟು, ಅದೇ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ), ಅದೇ ಆ್ಯಡ್-ಆನ್ ಹಾಕಿ ಹೊರಗಡೆ ಒಂದು ಕೊಟೇಶನ್ ತರಿಸಿ. ಶೋರೂಮಿನ ರೇಟ್ ಎಲ್ಲಿ ಉಬ್ಬಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹೊರಗಿನ ಕೊಟೇಶನ್ ತೋರಿಸಿದ ತಕ್ಷಣ ಅವರೇ ಇಳಿಸುವುದೂ ಉಂಟು.

"ಇನ್ಶೂರೆನ್ಸ್ ಹೊರಗಡೆ ಮಾಡಿಸಿದ್ರೆ ಡಿಸ್ಕೌಂಟ್ ಸಿಗಲ್ಲ ಸರ್", "ಕ್ಯಾಶ್‌ಲೆಸ್ ಆಗಲ್ಲ ಮೇಡಂ" ಅನ್ನುವ ಮಾತು ಕೇಳಿಯೇ ಇರುತ್ತೀರಿ. ಡೀಲರ್‌ಗಳಿಗಾಗಿ ಐಆರ್‌ಡಿಎಐ 2017ರಲ್ಲಿ ಮಾರ್ಗಸೂಚಿ ತಂದಿದೆ. ನಮ್ಮಲ್ಲೇ ಮಾಡಿಸಬೇಕು ಅಂತ ಅವರು ಒತ್ತಾಯ ಮಾಡುವಂತಿಲ್ಲ. ಇನ್ನು ಕ್ಯಾಶ್‌ಲೆಸ್, ಅಂದರೆ ರಿಪೇರಿ ಹಣವನ್ನು ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕಟ್ಟುವ ಸೌಲಭ್ಯ, ನಿಂತಿರುವುದು ಆ ವಿಮಾ ಕಂಪನಿಗೂ ಆ ಗ್ಯಾರೇಜಿಗೂ ಇರುವ ಒಪ್ಪಂದದ ಮೇಲೆ. ಪಾಲಿಸಿ ಎಲ್ಲಿ ಕೊಂಡಿರಿ ಅನ್ನುವುದರ ಮೇಲಲ್ಲ. ನಿಮ್ಮ ಮನೆ ಹತ್ತಿರದ ಸರ್ವಿಸ್ ಸೆಂಟರ್ ಆ ಕಂಪನಿಯ ಪಟ್ಟಿಯಲ್ಲಿ ಇದೆಯಾ ನೋಡಿಕೊಂಡರೆ ಸಾಕು.

ಗೊತ್ತಿರುವವರನ್ನು ಕಂಡುಹಿಡಿಯುವುದು ಹೇಗೆ

"ಫುಲ್ ಇನ್ಶೂರೆನ್ಸ್ ಇದೆ, ಎಲ್ಲಾ ಬರುತ್ತೆ" ಅನ್ನುವವರಿಗೆ ವಿಷಯ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಿಲ್ಲ. ಒಂದು ಲೆಕ್ಕ ನೋಡಿ.

ಎರಡೂವರೆ ವರ್ಷದ, 1500 ಸಿಸಿ ಒಳಗಿನ ಕಾರು ಮುಂದೆ ಗುದ್ದಿದೆ. ಬಂಪರ್ 14,000, ಗ್ರಿಲ್ ಮತ್ತಿತರ ಪ್ಲಾಸ್ಟಿಕ್ 6,000, ಬಾನೆಟ್ 16,000, ಮುಂದಿನ ಗಾಜು 9,000, ಕೂಲಿ 10,000. ಒಟ್ಟು ಬಿಲ್ 55,000 ಅಂದುಕೊಳ್ಳಿ. ತೆರಿಗೆ, ಬಣ್ಣ ಸದ್ಯ ಬಿಡೋಣ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಸವಕಳಿ ಅಂತ ಕಳೆಯುತ್ತಾರೆ. ಈ ವಯಸ್ಸಿನ ಕಾರಿನ ಲೋಹದ ಭಾಗಕ್ಕೆ ಶೇ 15. ಗಾಜಿಗೆ ಕಳೆಯಲ್ಲ. ಅಂದರೆ ಬಂಪರಲ್ಲಿ 7,000, ಗ್ರಿಲ್‌ನಲ್ಲಿ 3,000, ಬಾನೆಟ್‌ನಲ್ಲಿ 2,400 ಹೋಯಿತು. ಇದರ ಮೇಲೆ ಕಡ್ಡಾಯವಾಗಿ ನಾವೇ ಕಟ್ಟಬೇಕಾದ 1,000. ಕೈಯಿಂದ ಹೋಗುವುದು 13,400. ಬಂಪರ್ ಟು ಬಂಪರ್ ಇದ್ದಿದ್ದರೆ 1,000ದಲ್ಲಿ ಮುಗಿಯುತ್ತಿತ್ತು.

ಈ ಲೆಕ್ಕವನ್ನು ಪಾಲಿಸಿ ಕೊಳ್ಳುವ ಮೊದಲೇ ಒಂದು ಕಾಗದದ ಮೇಲೆ ಬರೆದು ತೋರಿಸುವವರು ಸಿಕ್ಕರೆ ಅವರ ನಂಬರ್ ಉಳಿಸಿಕೊಳ್ಳಿ.

ಇನ್ನೊಂದು ಪರೀಕ್ಷೆ ಎಂಜಿನ್ ರಕ್ಷಣೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ನೀರು ನುಗ್ಗಿದ್ದು ನೆನಪಿದೆಯಲ್ವಾ? ಬೇಸ್‌ಮೆಂಟಿನಲ್ಲಿ ನಿಂತಿದ್ದ ಕಾರಿಗೆ ಪ್ರವಾಹದಿಂದ ಆದ ಹಾನಿ ಸಾಮಾನ್ಯ ಪಾಲಿಸಿಯಲ್ಲೇ ಬರುತ್ತದೆ. ಆದರೆ ನೀರಿನಲ್ಲಿ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿ, ಎಂಜಿನ್ ಒಳಗೆ ನೀರು ಎಳೆದುಕೊಂಡು ಜಾಮ್ ಆದರೆ ಕಥೆ ಬೇರೆ. ಅದು ಪ್ರವಾಹದ ನೇರ ಹಾನಿಯಲ್ಲ ಅಂತ ಕಂಪನಿ ವಾದಿಸುತ್ತದೆ. ಆ ಆ್ಯಡ್-ಆನ್ ಇರುವುದು ಇದಕ್ಕೇ. ಒಳ್ಳೆಯ ಬ್ರೋಕರ್ ಆ್ಯಡ್-ಆನ್ ಮಾರುವುದರ ಜೊತೆಗೆ "ನೀರು ನುಗ್ಗಿದರೆ ಕೀ ಮುಟ್ಟಬೇಡಿ, ಟೋ ಮಾಡಿಸಿ" ಅನ್ನುವುದನ್ನೂ ಹೇಳುತ್ತಾರೆ. ನೀವು ಎತ್ತರದ ರಸ್ತೆಯಲ್ಲಿದ್ದು, ಕಾರು ಮನೆ ಮುಂದೆಯೇ ನಿಲ್ಲುವುದಾದರೆ "ನಿಮಗೆ ಇದು ಅಷ್ಟೇನೂ ಬೇಡ" ಅಂತಲೂ ಹೇಳುತ್ತಾರೆ.

ಅವರು ನಿಮಗೆ ಕೇಳುವ ಪ್ರಶ್ನೆಗಳನ್ನೂ ಗಮನಿಸಿ. ವೈಟ್ ಬೋರ್ಡ್ ಕಾರನ್ನು ಆಗಾಗ ಬಾಡಿಗೆಗೆ ಕೊಡುತ್ತೀರಾ? ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಓಡಾಟಕ್ಕೆ ರಕ್ಷಣೆ ಇಲ್ಲ. ಸಿಎನ್‌ಜಿ ಕಿಟ್ ಹಾಕಿಸಿದ್ದೀರಾ? ಕಾರು ಸೆಕೆಂಡ್ ಹ್ಯಾಂಡಾ? ಹೌದಾದರೆ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು. ಹಳೇ ಮಾಲೀಕರ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರಲ್ಲ, ಅದು ಮಾಲೀಕರದ್ದು, ಕಾರಿನದ್ದಲ್ಲ. ಇದ್ಯಾವುದನ್ನೂ ಕೇಳದೆ ಬರೀ ಆರ್‌ಸಿ ಫೋಟೊ ಕೇಳುವವರು ಟೈಪಿಂಗ್ ಮಾಡಿಕೊಡುತ್ತಾರೆ, ಅಷ್ಟೇ.

ರೇಟ್ ತೀರಾ ಕಡಿಮೆ ಬಂದರೆ ಅನುಮಾನಪಡಿ

ಪ್ರೀಮಿಯಂ ಇಳಿಸಲು ಅಡ್ಡದಾರಿಗಳಿವೆ. ಎಲ್ಲಕ್ಕಿಂತ ಅಪಾಯದ್ದು ಸುಳ್ಳು ಎನ್‌ಸಿಬಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಶೇ 20ರಿಂದ ಶುರುವಾಗಿ 25, 35, 45 ಆಗಿ 50ಕ್ಕೆ ನಿಲ್ಲುತ್ತದೆ. ಹೋದ ವರ್ಷ ಕ್ಲೇಮ್ ಆಗಿದ್ದರೂ "ಏನೂ ಆಗಲ್ಲ ಸರ್, ಹಾಕಿಬಿಡ್ತೀನಿ" ಅಂತ ಟಿಕ್ ಮಾಡುವವರಿದ್ದಾರೆ. ಹೊಸ ಕಂಪನಿ ಹಳೇ ಕಂಪನಿಯನ್ನು ಕೇಳಿದರೆ ಗುಟ್ಟು ಬಯಲು. ಆಗ ನಿಮ್ಮ ಹೊಸ ಕ್ಲೇಮ್ ಸಿಕ್ಕಿಬೀಳುತ್ತದೆ, ಟಿಕ್ ಮಾಡಿದವರು ಸಿಗಲ್ಲ. ಅರ್ಜಿಯಲ್ಲಿ ಹೇಳಿಕೆ ಇರುವುದು ನಿಮ್ಮ ಹೆಸರಲ್ಲಿ.

ಐಡಿವಿ ಇಳಿಸುವುದು ಇನ್ನೊಂದು ದಾರಿ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಹಣ ಅದೇ ಐಡಿವಿ. ಪ್ರೀಮಿಯಂನಲ್ಲಿ ಕೆಲವು ನೂರು ಉಳಿಸಲು ಹೋಗಿ ಅಲ್ಲಿ ಹತ್ತಾರು ಸಾವಿರ ಕಳೆದುಕೊಳ್ಳುತ್ತೀರಿ. ಸ್ವಂತ ಖರ್ಚಿನ ಮೊತ್ತವನ್ನು ಹೇಳದೇ ಏರಿಸುವುದೂ ಉಂಟು. ಅದು ಪಾಲಿಸಿಯಲ್ಲಿ "ವಾಲಂಟರಿ ಡಿಡಕ್ಟಿಬಲ್" ಅನ್ನುವ ಸಾಲಿನಲ್ಲಿ ಕಾಣುತ್ತದೆ.

"ನನ್ನ ಕಮಿಷನ್‌ನಲ್ಲಿ ಅರ್ಧ ನಿಮಗೇ ವಾಪಸ್ ಕೊಡ್ತೀನಿ" ಅನ್ನುವ ಆಸೆಯೂ ಬೇಡ. 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಇದನ್ನು ತಡೆಯುತ್ತದೆ, ಕೊಡುವುದಷ್ಟೇ ಅಲ್ಲ, ತಗೊಳ್ಳುವುದೂ ತಪ್ಪು. ಈ ಮಾತು ಯಾರಿಗೂ ಇಷ್ಟವಾಗಲ್ಲ ಅಂತ ಗೊತ್ತು. ಆದರೆ ಮೊದಲ ದಿನವೇ ನಿಯಮ ಮುರಿಯಲು ತಯಾರಿರುವವರು ಕ್ಲೇಮ್ ದಿನ ನಿಯಮ ಹಿಡಿದು ನಿಮ್ಮ ಪರ ವಾದಿಸುತ್ತಾರೆ ಅಂತ ನನಗಂತೂ ನಂಬಿಕೆ ಇಲ್ಲ.

ಆರ್‌ಟಿಒ ಕಚೇರಿ ಹೊರಗೆ ನಿಮಿಷದಲ್ಲಿ ಮಾಡಿಕೊಡುವ ಪಾಲಿಸಿಗಳಲ್ಲಿ ನಕಲಿಯೂ ಇರಬಹುದು. ಪಾಲಿಸಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಕಂಪನಿಯ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿ ನೋಡಿ. ದುಡ್ಡು ಯಾರದೋ ಸ್ವಂತ ಫೋನ್‌ಪೇ ನಂಬರಿಗೆ ಹಾಕಬೇಡಿ, ಕಂಪನಿಯ ಲಿಂಕ್ ಮೂಲಕವೇ ಕಟ್ಟಿ. ಪಾಲಿಸಿಯಲ್ಲಿ ನಿಮ್ಮ ಮೊಬೈಲ್, ನಿಮ್ಮ ಇಮೇಲ್ ಇದೆಯಾ ಅಂತಲೂ ನೋಡಿಕೊಳ್ಳಿ. ತಮ್ಮದೇ ನಂಬರ್ ಹಾಕಿಬಿಡುವ ಏಜೆಂಟರು ಕಡಿಮೆಯೇನಿಲ್ಲ. ಮುಂದಿನ ವರ್ಷ ನೀವು ಬೇರೆ ಕಡೆ ಹೋಗದಿರಲಿ ಅಂತ. ಕ್ಲೇಮ್ ಓಟಿಪಿ ಅವರಿಗೆ ಹೋದಾಗ ತಲೆನೋವು ನಿಮ್ಮದು.

ಇನ್ನು ನನಗೆ ತುಂಬಾ ಇಷ್ಟವಾಗುವ ಪರೀಕ್ಷೆ ಒಂದಿದೆ: ಸಣ್ಣ ಕ್ಲೇಮ್. ಬಂಪರ್ ಬಿರುಕು ಬಿಟ್ಟಿದೆ, 5,000 ಖರ್ಚು. ಸವಕಳಿ 2,500, ಕಡ್ಡಾಯ ಕಡಿತ 1,000 ಹೋದರೆ ಕಂಪನಿಯಿಂದ ಸಿಗುವುದು 1,500. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 10,000, ಮುಂದಿನ ವರ್ಷ ಶೇ 45 ಎನ್‌ಸಿಬಿ ಸಿಗಬೇಕಿತ್ತು ಅಂದುಕೊಳ್ಳಿ. ಈ ಕ್ಲೇಮ್‌ನಿಂದ ಆ 4,500 ಹೋಯಿತು. "ಕೈಯಿಂದ ಮಾಡಿಸಿಕೊಳ್ಳಿ, ಕ್ಲೇಮ್ ಬೇಡ" ಅಂತ ಹೇಳುವವರೇ ಸರಿಯಾದ ಸಲಹೆಗಾರರು.

ಮನೆ ವಿಮೆ: ಬ್ಯಾಂಕಿನ ಟೇಬಲ್ ಮೇಲೆ ಆಗುವ ಗೊಂದಲ

ಹೋಮ್ ಲೋನ್ ಮಂಜೂರಾಗುವ ದಿನ ಸಹಿ ಹಾಕುವ ಕಾಗದಗಳ ನಡುವೆ ಒಂದು ವಿಮೆ ಅರ್ಜಿಯೂ ಇರುತ್ತದೆ. ಕೇಳಿದರೆ "ಮನೆಗೆ ಇನ್ಶೂರೆನ್ಸ್ ಸರ್, ಕಡ್ಡಾಯ" ಅನ್ನುತ್ತಾರೆ. ಹಲವು ಸಲ ಅದು ಮನೆಯ ವಿಮೆಯೇ ಅಲ್ಲ, ಸಾಲಗಾರರು ತೀರಿಕೊಂಡರೆ ಸಾಲ ತೀರಿಸುವ ಜೀವ ವಿಮೆ. ಅದು ಉಪಯೋಗದ್ದೇ, ಆದರೆ ಮನೆಗೆ ಬೆಂಕಿ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರಲ್ಲ. ಕಟ್ಟಡಕ್ಕೆ ವಿಮೆ ಇರಲಿ ಅಂತ ಬ್ಯಾಂಕ್ ಷರತ್ತು ಹಾಕಬಹುದು. ತಾನು ಹೇಳಿದ ಕಂಪನಿಯಲ್ಲೇ ಮಾಡಿಸಿ ಅಂತ ಕಟ್ಟಿಹಾಕುವಂತಿಲ್ಲ.

ಮನೆಗೆ ಹೋಲಿಕೆ ಕಾರಿಗಿಂತ ಸುಲಭ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಪಾಲಿಸಿ ಕೊಡುತ್ತಿವೆ. ಬೆಂಕಿ, ಭೂಕಂಪ, ಪ್ರವಾಹ, ಬಿರುಗಾಳಿ, ಗಲಭೆ ಎಲ್ಲಾ ಅದರಲ್ಲಿವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದಂಥ ಭೂಕುಸಿತವೂ ಬರುತ್ತದೆ. ಷರತ್ತು ಒಂದೇ ಆದ್ದರಿಂದ ಹೋಲಿಸಬೇಕಾದ್ದು ರೇಟ್ ಮತ್ತು ಸೇವೆ.

ಗೊತ್ತಿಲ್ಲದವರು ಎಡವುವುದು ವಿಮಾ ಮೊತ್ತದಲ್ಲಿ. ಜಯನಗರದಲ್ಲಿ ಮನೆ ಎರಡು ಕೋಟಿಗೆ ಹೋಗುತ್ತೆ ಅಂತ ಎರಡು ಕೋಟಿಗೆ ವಿಮೆ ಮಾಡಿಸುವುದಲ್ಲ. ಜಾಗ ಸುಟ್ಟುಹೋಗಲ್ಲ. ಮತ್ತೆ ಕಟ್ಟಲು ಎಷ್ಟು ಬೇಕು, ಅಷ್ಟು. 1,000 ಚದರ ಅಡಿ ಕಾರ್ಪೆಟ್ ಏರಿಯಾ, ಅಡಿಗೆ 2,200 ಆದರೆ 22 ಲಕ್ಷ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20, ಗರಿಷ್ಠ 10 ಲಕ್ಷದವರೆಗೆ ತಾನಾಗಿ ಸೇರುತ್ತದೆ. ಇಲ್ಲಿ ಅದು 4.4 ಲಕ್ಷ. ಎರಡು ಕೋಟಿ ಬರೆದುಕೊಂಡು ಪ್ರೀಮಿಯಂ ಕಟ್ಟಿಸಿಕೊಳ್ಳುವವರು ನಿಮ್ಮ ಪರ ಅಲ್ಲ.

ಕಳ್ಳತನ ಇದರಲ್ಲಿ ಸುಮ್ನೆ ಬರಲ್ಲ. ಬೆಂಕಿ, ಪ್ರವಾಹದಂಥ ಘಟನೆಯಾದ 7 ದಿನದೊಳಗೆ ಆದ ಕಳವಿಗೆ ಮಾತ್ರ ರಕ್ಷಣೆ. ಬೀಗ ಮುರಿದು ಕದ್ದರೆ ಅದಕ್ಕೆ ಬೇರೆ ಬರ್ಗ್ಲರಿ ಪಾಲಿಸಿ ಬೇಕು. ಒಡವೆಗೂ ಬೇರೆ ಆಯ್ಕೆ ಹಾಕಿಸಬೇಕು. ಇದನ್ನು ತಾವಾಗಿಯೇ ಹೇಳುವವರು ವಿರಳ. ಮನೆ ಮುಂದಿನ ಕೋಣೆ ಅಂಗಡಿಗೆ ಕೊಟ್ಟಿದ್ದೀರಾ, ಮೇಲಿನ ಮಹಡಿ ಪಿಜಿನಾ, ಹೆಂಚಿನ ಮನೆಯಾ ಅಂತ ಕೇಳುವವರು ಕೆಲಸ ಬಲ್ಲವರು. ಬಾಡಿಗೆ ಮನೆಯಲ್ಲಿದ್ದೀರಾ? ಸಾಮಾನಿಗೆ ಮಾತ್ರ ಮಾಡಿಸಬಹುದು.

ಹಾಗಾದರೆ ಯಾರು?

ಬೈಕಿಗೆ ಬರೀ ಥರ್ಡ್ ಪಾರ್ಟಿ ಸಾಕು ಅಂದರೆ ಯೋಚನೆಯೇ ಬೇಡ, ಕಂಪನಿಯ ವೆಬ್‌ಸೈಟ್‌ನಲ್ಲಿ ಕೊಳ್ಳಿ. ಐದು ವರ್ಷದೊಳಗಿನ ಒಂದೇ ಕಾರು, ಮೇಲಿನ ಲೆಕ್ಕ ನಿಮಗೇ ಅರ್ಥವಾಗುತ್ತದೆ ಅನ್ನುವುದಾದರೆ ಆ್ಯಪ್ ಅಥವಾ ನೇರ ಖರೀದಿ ಸಾಕು. ಫ್ಲಾಟ್ ಇದ್ದು ಬೇರೆ ತಂಟೆ ಇಲ್ಲದಿದ್ದರೆ ಗೃಹ ರಕ್ಷಾ ಕೂಡ ಹಾಗೇ.

ಮನೆಯಲ್ಲಿ ಮೂರು ಗಾಡಿ, ಕೆಳಗೆ ಅಂಗಡಿ, ಒಂದಷ್ಟು ಒಡವೆ, ಊರಲ್ಲಿ ಇನ್ನೊಂದು ಮನೆ, ಇಂಥ ಕುಟುಂಬಕ್ಕೆ ಬ್ರೋಕರ್ ಬೇಕು. ಅಪಾರ್ಟ್‌ಮೆಂಟ್ ಸಂಘಕ್ಕಂತೂ ಖಂಡಿತ ಬೇಕು, ಲಿಫ್ಟ್, ಜನರೇಟರ್, ಕಾಮನ್ ಏರಿಯಾ ಅಂತ ಲೆಕ್ಕ ಉದ್ದ. ಸಣ್ಣ ಊರಿನಲ್ಲಿದ್ದು, ಕರೆದರೆ ಗ್ಯಾರೇಜಿಗೆ ಬಂದು, ಹಾನಿ ಲೆಕ್ಕ ಹಾಕುವ ಸರ್ವೇಯರ್ ಜೊತೆ ನಿಲ್ಲುವ ಏಜೆಂಟ್ ನಿಮಗಿದ್ದರೆ, ರೇಟ್ ಸ್ವಲ್ಪ ಜಾಸ್ತಿಯಾದರೂ ಅವರನ್ನು ಬಿಡಬೇಡಿ. ಅಂಥವರು ಒಂದೇ ಕಂಪನಿಯವರಾದರೂ ಪರವಾಗಿಲ್ಲ. ಶೋರೂಮನ್ನು ನಾನು ಮೊದಲ ವರ್ಷಕ್ಕೆ, ಅದೂ ಚೌಕಾಸಿ ಮಾಡಿದ ಮೇಲೆ ಒಪ್ಪುತ್ತೇನೆ. ಬ್ಯಾಂಕನ್ನು ಕೊನೆಯಲ್ಲಿಡುತ್ತೇನೆ. ಲೋನ್ ಕೊಟ್ಟ ಆಫೀಸರ್ ವರ್ಗವಾಗಿ ಹೋದ ಮೇಲೆ ಆ ಪಾಲಿಸಿ ಬಗ್ಗೆ ಕೇಳಲು ಅಲ್ಲಿ ಯಾರೂ ಇರಲ್ಲ.

ಯಾರನ್ನೇ ಆರಿಸಿದರೂ, ತಪ್ಪಾಯ್ತು ಅನ್ನಿಸಿದರೆ ಪಾಲಿಸಿಯನ್ನು ಮಧ್ಯದಲ್ಲಿ ರದ್ದು ಮಾಡಿ ಉಳಿದ ಅವಧಿಯ ಹಣ ವಾಪಸ್ ಪಡೆಯಬಹುದು. 2024ರ ಜೂನ್‌ನ ಐಆರ್‌ಡಿಎಐ ಸುತ್ತೋಲೆ ಅದಕ್ಕೆ ದಾರಿ ಮಾಡಿದೆ. ಕಾರಿನ ಥರ್ಡ್ ಪಾರ್ಟಿ ಕಡ್ಡಾಯ ಆದ್ದರಿಂದ ರದ್ದು ಮಾಡುವ ಮೊದಲು ಬೇರೆ ಪಾಲಿಸಿ ಕೈಯಲ್ಲಿರಲಿ.

ಜಗಳವಾದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಿ, ಅಂದರೆ ವಿಮೆಯ ದೂರು ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿ. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 2021ರಿಂದ ಬ್ರೋಕರ್‌ಗಳ ಮೇಲಿನ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು, ಮತ್ತು ಅದೇ ವಿಷಯಕ್ಕೆ ಗ್ರಾಹಕರ ನ್ಯಾಯಾಲಯದಲ್ಲಿ ಕೇಸ್ ಹಾಕಿರಬಾರದು. ಹೋಗುವಾಗ ಏಜೆಂಟ್ ಜೊತೆಗಿನ ವಾಟ್ಸಾಪ್ ಮಾತುಕತೆಯ ಪ್ರಿಂಟ್ ತೆಗೆದುಕೊಂಡು ಹೋಗಿ. "ಎಲ್ಲಾ ಬರುತ್ತೆ ಸರ್" ಅಂದದ್ದು ಅದರಲ್ಲೇ ಇರುತ್ತದೆ.